ಬಿಲ್ಲಲ್ಲಿ ಕಟ್ ಆದ ಟಿಡಿಎಸ್ ವಾಪಸ್ ತರಿಸಿಕೊಳ್ಳುವುದು ಹೇಗೆ: ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ದುಡಿಯುವವರಿಗೆ

ತೋರಣಗಲ್ಲು ಕಡೆ ಕಾಂಟ್ರ್ಯಾಕ್ಟ್ ಕೆಲಸ ಮಾಡುವವರ ಬಾಯಲ್ಲಿ ಈ ಮಾತು ಕೇಳಿರುತ್ತೀರಿ: "ಬಿಲ್ಲಲ್ಲಿ ಒಂದು ಪರ್ಸೆಂಟ್ ಹೋಯ್ತು." ಆ ಕಟ್‌ಗೇ ಟಿಡಿಎಸ್ ಅನ್ನುವುದು, ಅಂದರೆ ದುಡ್ಡು ಕೊಡುವವರು ನಮ್ಮ ಹೆಸರಿನಲ್ಲಿ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಟ್ಯಾಕ್ಸ್. ಗೌರ್ಮೆಂಟಿಗೆ ಹೋಯ್ತು, ಇನ್ನೇನು ಬರುತ್ತೆ ಬಿಡು ಅಂತ ಅವರ ಲೆಕ್ಕ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನದು ವೆಲ್ಡಿಂಗ್ ಕೆಲಸ, ಸಣ್ಣ ಸಣ್ಣ ಬಿಲ್ಲು, ಒಂದೊಂದರಲ್ಲೂ ಮುನ್ನೂರು, ಐನೂರು ಕಟ್. ಮೂರು ವರ್ಷ ಹೀಗೇ ನಡೆಯಿತು. ಒಂದು ಸಂಜೆ ಬಳ್ಳಾರಿಯಲ್ಲಿ ಒಗ್ಗರಣೆ ಮಿರ್ಚಿ ತಿನ್ನುವಾಗ ಅಕೌಂಟ್ಸ್ ಕೆಲಸ ಮಾಡುವ ಗೆಳೆಯನೊಬ್ಬ ನನ್ನ ಫೋನಿನಲ್ಲೇ 26ಎಎಸ್ ಅನ್ನುವ ಪಟ್ಟಿ ತೆಗೆದು ತೋರಿಸಿದ. ಮೂರು ವರ್ಷದ್ದು ಸೇರಿ 11,400 ರೂಪಾಯಿ ನನ್ನ ಹೆಸರಿನಲ್ಲಿ ಕೂತಿತ್ತು. ನಾನು ಕಟ್ಟಬೇಕಾದ ಟ್ಯಾಕ್ಸ್ ಮಾತ್ರ ಸೊನ್ನೆ.

ಆ ದುಡ್ಡು ತಾನಾಗಿ ಬರುವುದಿಲ್ಲ. ಕೇಳಬೇಕು. ಕೇಳುವುದು ಅಂದರೆ ರಿಟರ್ನ್ ಹಾಕುವುದು, ಅಂದರೆ ವರ್ಷದ ಆದಾಯದ, ಟ್ಯಾಕ್ಸಿನ ಲೆಕ್ಕ ಇಲಾಖೆಗೆ ಸಲ್ಲಿಸುವುದು, ಅಷ್ಟೇ.

ಮೊದಲು ಒಂದು ವಿಷಯ. ಕೆಲವು ದೇಶಗಳಲ್ಲಿ ಕಡಿಮೆ ದುಡಿಯುವವರಿಗೆ ಸರ್ಕಾರವೇ ಟ್ಯಾಕ್ಸ್ ಕ್ರೆಡಿಟ್ ಅಂತ ಕೈಗೆ ದುಡ್ಡು ಕೊಡುತ್ತದೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿರುವುದು ರಿಯಾಯಿತಿ, 87ಎ ಕಲಂ ಅನ್ನುತ್ತಾರೆ. ಟ್ಯಾಕ್ಸ್ ಲೆಕ್ಕಕ್ಕೆ ಹಳೆಯದು, ಹೊಸದು ಅಂತ ಎರಡು ಪದ್ಧತಿ ಇವೆ. 2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ. ಅದರ ಮೇಲೆ 12 ಲಕ್ಷದವರೆಗೆ ಲೆಕ್ಕದಲ್ಲಿ ಟ್ಯಾಕ್ಸ್ ಬರುತ್ತದೆ, ಆದರೆ 60,000 ರೂಪಾಯಿವರೆಗೆ ಈ ರಿಯಾಯಿತಿ ಅದನ್ನು ಅಳಿಸಿಹಾಕುತ್ತದೆ. ಉದಾಹರಣೆಗೆ ವರ್ಷಕ್ಕೆ 6 ಲಕ್ಷ ಆದಾಯ ಅಂತಿಟ್ಟುಕೊಳ್ಳಿ. ಮೊದಲ 4 ಲಕ್ಷ ಬಿಟ್ಟು ಉಳಿದ 2 ಲಕ್ಷಕ್ಕೆ 5 ಪರ್ಸೆಂಟ್, ಅಂದರೆ 10,000. ರಿಯಾಯಿತಿ 10,000. ಕಟ್ಟುವುದು ಸೊನ್ನೆ. ಸಂಬಳದವರಿಗೆ ಇನ್ನೂ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, ಅಂದರೆ ಸಂಬಳದಲ್ಲಿ ಅಷ್ಟು ಮೊದಲೇ ಕಳೆದು ಲೆಕ್ಕ ಹಾಕುತ್ತಾರೆ. ಹಿಂದಿನ ವರ್ಷ, ಅಂದರೆ 2024-25ಕ್ಕೆ, ಈ 12 ಲಕ್ಷದ ಮಿತಿ 7 ಲಕ್ಷ ಇತ್ತು, ರಿಯಾಯಿತಿ 25,000.

ಹಾಗಾಗಿ ನಿಮ್ಮ ಟ್ಯಾಕ್ಸ್ ಸೊನ್ನೆ, ಆದರೆ ಯಾರೋ ಮೊದಲೇ ಕಟ್ ಮಾಡಿ ಕಟ್ಟಿದ್ದಾರೆ ಅಂದರೆ ಆ ಕಟ್ ಆದ ದುಡ್ಡು ಪೂರ್ತಿ ನಿಮ್ಮದು. ಏನೂ ಕಟ್ ಆಗಿಲ್ಲ ಅಂದರೆ ವಾಪಸ್ ಬರುವುದೂ ಏನೂ ಇಲ್ಲ. "ರಿಟರ್ನ್ ಹಾಕಿದರೆ ಸರ್ಕಾರದಿಂದ ದುಡ್ಡು ಬರುತ್ತೆ" ಅಂತ ಯಾರಾದರೂ ಹೇಳಿದರೆ ಮೊದಲು ಕಟ್ ಆಗಿದೆಯಾ ಅಂತ ನೋಡಿಕೊಳ್ಳಿ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಬರೆದಿರುವ ಕಲಂ ನಂಬರುಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಅದರಲ್ಲಿ ನಂಬರು ಬೇರೆ. ಆದರೆ 2025-26ರವರೆಗಿನ ದುಡಿಮೆಗೆ ಹಳೆ ಕಾಯ್ದೆಯೇ ಲೆಕ್ಕ.

ಯಾರ ದುಡ್ಡು ಎಲ್ಲಿ ಕಟ್ ಆಗಿರುತ್ತದೆ

ನಮ್ಮ ಕಡೆ ಜಾಸ್ತಿ ಕಾಣುವುದು 194ಸಿ, ಅಂದರೆ ಕಾಂಟ್ರ್ಯಾಕ್ಟ್ ಬಿಲ್ಲು. ಒಂದು ಬಿಲ್ಲು 30,000 ದಾಟಿದರೆ, ಅಥವಾ ಒಬ್ಬರೇ ಕೊಟ್ಟಿದ್ದು ವರ್ಷಕ್ಕೆ 1 ಲಕ್ಷ ದಾಟಿದರೆ, ವ್ಯಕ್ತಿಗೆ 1 ಪರ್ಸೆಂಟ್ ಕಟ್. ಪ್ಯಾನ್ ಕೊಡದಿದ್ದರೆ 20 ಪರ್ಸೆಂಟ್! ಗಿಣಿಗೇರಾ ಕಡೆಯ ಫ್ಯಾಕ್ಟರಿಗಳಲ್ಲಿ ಲೋಡಿಂಗ್ ಮಾಡಿಸುವವರು, ಶಕ್ತಿನಗರ, ಕುಡಿತಿನಿ ಕಡೆ ಮೆಂಟೆನೆನ್ಸ್ ಕೆಲಸ ಹಿಡಿಯುವವರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಪೀಸ್ ಲೆಕ್ಕದಲ್ಲಿ ತೆಗೆದುಕೊಳ್ಳುವವರು, ಎಲ್ಲರೂ ಇದರೊಳಗೆ ಬರಬಹುದು.

ಇದರಲ್ಲಿ ಮೇಸ್ತ್ರಿಗಳ ಕತೆ ಬೇರೆಯೇ. ಹತ್ತು ಜನರ ಗ್ಯಾಂಗು, ಬಿಲ್ಲು ಮಾತ್ರ ಮೇಸ್ತ್ರಿ ಒಬ್ಬನ ಪ್ಯಾನಿಗೆ. ವರ್ಷಕ್ಕೆ 14 ಲಕ್ಷ ಅವನ ಅಕೌಂಟಿಗೆ ಬಂದಂತೆ ಕಾಣುತ್ತದೆ, 14,000 ಕಟ್ ಆಗಿರುತ್ತದೆ, ಆದರೆ ಅದರಲ್ಲಿ ಬಹುಪಾಲು ಹುಡುಗರ ಕೂಲಿಗೆ ಹೋಗಿರುತ್ತದೆ. "14 ಲಕ್ಷ ತೋರಿಸಿದರೆ ನನ್ನ ರೇಷನ್ ಕಾರ್ಡ್ ಹೋಗುತ್ತೆ, ಟ್ಯಾಕ್ಸ್ ಬೀಳುತ್ತೆ" ಅಂತ ಹೆದರಿ ರಿಟರ್ನೇ ಹಾಕುವುದಿಲ್ಲ. 14 ಲಕ್ಷ ಅವನ ಆದಾಯವಲ್ಲ, ಅದು ವಹಿವಾಟು. ಆದಾಯ ಅಂದರೆ ಕೂಲಿ, ಖರ್ಚು ಕಳೆದು ಅವನಿಗೆ ಉಳಿದಿದ್ದು. ಇದನ್ನು ತೋರಿಸುವ ದಾರಿ ಕೆಳಗೆ ಹೇಳುತ್ತೇನೆ.

ಎರಡನೆಯದು ಪಿಎಫ್. ಕಾಂಟ್ರ್ಯಾಕ್ಟರ್ ಬದಲಾದ, ಕೆಲಸ ಬಿಟ್ಟೆವು, ಪಿಎಫ್ ತೆಗೆದೆವು. ಐದು ವರ್ಷ ಸರ್ವಿಸ್ ಆಗುವ ಮೊದಲು 50,000 ಅಥವಾ ಅದಕ್ಕಿಂತ ಜಾಸ್ತಿ ತೆಗೆದರೆ 10 ಪರ್ಸೆಂಟ್ ಕಟ್. ಹಳೆ ಪಿಎಫ್ ಅನ್ನು ಹೊಸ ಕಂಪನಿಗೆ ವರ್ಗ ಮಾಡಿಸಿದ್ದರೆ ಆ ವರ್ಷಗಳೂ ಐದಕ್ಕೆ ಸೇರುತ್ತವೆ ಅನ್ನುವುದು ಬಹಳ ಜನಕ್ಕೆ ಗೊತ್ತೇ ಇಲ್ಲ. ರಿಟರ್ನಿನಲ್ಲಿ ತೋರಿಸುವಾಗ ಕಂಪನಿ ಹಾಕಿದ ಪಾಲು ಮತ್ತು ಬಡ್ಡಿ ಆದಾಯವಾಗುತ್ತದೆ. ನಿಮ್ಮ ಸಂಬಳದಿಂದಲೇ ಹಿಡಿದ ಪಾಲು ನಿಮ್ಮ ದುಡ್ಡೇ.

ಮೂರನೆಯದು ಬ್ಯಾಂಕ್ ಡೆಪಾಸಿಟ್ ಬಡ್ಡಿ. 2025ರ ಏಪ್ರಿಲ್‌ನಿಂದ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 50,000 ದಾಟಿದರೆ, ಅರವತ್ತು ದಾಟಿದವರಿಗೆ 1 ಲಕ್ಷ ದಾಟಿದರೆ, 10 ಪರ್ಸೆಂಟ್ ಕಟ್. ಹೊಲ ಮಾರಿದ ದುಡ್ಡನ್ನು ಅಪ್ಪ, ಅವ್ವನ ಹೆಸರಿನಲ್ಲಿ ಇಟ್ಟವರು ಒಮ್ಮೆ ನೋಡಿಕೊಳ್ಳಿ.

ಲಾರಿಯವರಿಗೆ ಒಂದು ಒಳ್ಳೆ ಸುದ್ದಿ. ಸಂಡೂರು ಕಡೆ ಅದಿರು ಹೊಡೆಯುವ ಒಂದೆರಡು ಗಾಡಿ ಮಾಲೀಕರಿಗೆ ಕಟ್ ಆಗುವುದೇ ಬೇಕಿಲ್ಲ. ವರ್ಷದಲ್ಲಿ ಯಾವಾಗಲೂ ಹತ್ತಕ್ಕಿಂತ ಜಾಸ್ತಿ ಸರಕು ಗಾಡಿ ಇಲ್ಲ ಅಂತ ಬರೆದುಕೊಟ್ಟು, ಪ್ಯಾನ್ ಕೊಟ್ಟರೆ ಸಾಗಣೆ ಬಿಲ್ಲಿಗೆ ಟಿಡಿಎಸ್ ಇಲ್ಲ. ಆ ಒಂದು ಪೇಪರ್ ಕೊಡದೆ ವರ್ಷಗಟ್ಟಲೆ ಕಟ್ ಮಾಡಿಸಿಕೊಂಡವರನ್ನು ನೋಡಿದ್ದೇನೆ.

ವಾಪಸ್ ಬಾರದ ದುಡ್ಡೂ ಇದೆ. ಸಂಬಳ ತಿಂಗಳಿಗೆ 25,000 ಮುಟ್ಟಿದರೆ ಹಿಡಿಯುವ 200 ರೂಪಾಯಿ (ಫೆಬ್ರವರಿಯಲ್ಲಿ 300) ವೃತ್ತಿ ತೆರಿಗೆ ರಾಜ್ಯ ಸರ್ಕಾರದ್ದು, ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗೇ ಆನ್‌ಲೈನ್ ರಮ್ಮಿಯಲ್ಲಿ ಗೆದ್ದಾಗ ಹಿಡಿದ 30 ಪರ್ಸೆಂಟ್. ಆ ಆದಾಯಕ್ಕೆ ಟ್ಯಾಕ್ಸ್ ದರವೇ 30, ರಿಯಾಯಿತಿ ಅಲ್ಲಿ ಸಿಗುವುದಿಲ್ಲ. ಇಂಥ ಗೆಲುವು ಇದ್ದರೆ ಐಟಿಆರ್-1 ಅನ್ನುವ ಸರಳ ರಿಟರ್ನ್ ಫಾರ್ಮ್ ಹಾಕಲಿಕ್ಕೂ ಬರುವುದಿಲ್ಲ.

ಕೂತು ಮಾಡುವ ಮೊದಲು

ಆದಾಯ ತೆರಿಗೆ ಇಲಾಖೆಯ ಪೋರ್ಟಲ್ ವಿಳಾಸ ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್. ಕೊನೆಯಲ್ಲಿ ಗವ್ ಡಾಟ್ ಇನ್ ಇಲ್ಲದಿದ್ದರೆ ಮುಟ್ಟಲೇಬೇಡಿ. ಪ್ಯಾನ್ ಹಾಕಿ ರಿಜಿಸ್ಟರ್ ಆಗಿ. ಇಲ್ಲಿ ಒಂದು ಕೈಮುಗಿದು ಹೇಳುವ ಮಾತು: ಮೊಬೈಲ್ ನಂಬರು, ಇಮೇಲ್ ನಿಮ್ಮದೇ ಕೊಡಿ. ನನ್ನ ಅಕೌಂಟ್ ಮೊದಲು ತೆರೆದಿದ್ದು ಒಬ್ಬ ಸೈಬರ್ ಹುಡುಗ, ಬೇಗ ಮುಗಿಯಲಿ ಅಂತ ತನ್ನ ನಂಬರ್ ಹಾಕಿಬಿಟ್ಟಿದ್ದ. ಆಮೇಲೆ ಅವನು ಊರು ಬಿಟ್ಟ, ಒಟಿಪಿ ಎಲ್ಲಾ ಅವನಿಗೇ ಹೋಗುತ್ತಿತ್ತು. ಆಧಾರ್ ಒಟಿಪಿಯಿಂದ ಪಾಸ್‌ವರ್ಡ್ ಬದಲಿಸಿ ಸರಿ ಮಾಡಿಕೊಳ್ಳುವಷ್ಟರಲ್ಲಿ ಎರಡು ದಿನದ ಕೂಲಿ ಹೋಯಿತು.

ಆಮೇಲೆ ಪ್ಯಾನ್, ಆಧಾರ್ ಜೋಡಣೆ ನೋಡಿ. ಲಿಂಕ್ ಆಗದ ಪ್ಯಾನ್ ನಿಷ್ಕ್ರಿಯ. ಅಂಥ ಪ್ಯಾನಿಗೆ ರಿಫಂಡ್ ಕೊಡುವುದಿಲ್ಲ, ಮೇಲಾಗಿ ಟಿಡಿಎಸ್ ಕೂಡ ಜಾಸ್ತಿ ದರದಲ್ಲಿ ಕಟ್ ಆಗುತ್ತದೆ. 1,000 ರೂಪಾಯಿ ಕಟ್ಟಿ ಲಿಂಕ್ ಮಾಡಿಸಬೇಕು. ಪ್ಯಾನೇ ಇಲ್ಲದವರು ಅದೇ ಪೋರ್ಟಲ್‌ನಲ್ಲಿ ಆಧಾರ್ ಒಟಿಪಿ ಮೇಲೆ ಇ-ಪ್ಯಾನ್ ತೆಗೆದುಕೊಳ್ಳಬಹುದು, ಅದಕ್ಕೆ ದುಡ್ಡಿಲ್ಲ.

ಬ್ಯಾಂಕ್ ಅಕೌಂಟ್ ವಿಷಯದಲ್ಲಿ ನಮ್ಮ ಕಡೆಯವರು ಜಾಸ್ತಿ ಎಡವುತ್ತಾರೆ. ಪೋರ್ಟಲ್‌ನಲ್ಲಿ ಮೈ ಪ್ರೊಫೈಲ್ ಒಳಗೆ ಮೈ ಬ್ಯಾಂಕ್ ಅಕೌಂಟ್ಸ್ ಅಂತ ಇದೆ. ಅಲ್ಲಿ ಅಕೌಂಟ್ ಸೇರಿಸಿ, ವ್ಯಾಲಿಡೇಟ್ ಮಾಡಿಸಿ, ರಿಫಂಡಿಗೆ ಅಂತ ನಾಮಿನೇಟ್ ಮಾಡಬೇಕು. ರಾಯಚೂರು, ಕೊಪ್ಪಳದಲ್ಲಿ ಹಳೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಪಾಸ್‌ಬುಕ್ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅದು 2017ರಲ್ಲೇ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು. ಸಿಂಡಿಕೇಟ್ 2020ರಲ್ಲಿ ಕೆನರಾ ಆಯಿತು. ಹಳೆ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಹಾಕಿದರೆ ವ್ಯಾಲಿಡೇಟ್ ಆಗುವುದಿಲ್ಲ, ಈಗಿನ ಕೋಡ್ ಬ್ಯಾಂಕಿನಲ್ಲಿ ಕೇಳಿ. ಇನ್ನೊಂದು ಹೆಸರಿನ ಗೋಳು. ಪ್ಯಾನಿನಲ್ಲಿ ಹನುಮಂತಪ್ಪ, ಬ್ಯಾಂಕಿನಲ್ಲಿ ಹನುಮಂತ, ಆಧಾರಿನಲ್ಲಿ ಹುಲಿಗೆಪ್ಪನ ಮಗ ಎಚ್. ಹನುಮಂತಪ್ಪ. ಮೂರೂ ಒಬ್ಬನೇ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ರಿಟರ್ನ್ ಹಾಕುವ ಮೊದಲೇ ಸರಿ ಮಾಡಿಸಿ.

ಈಗ 26ಎಎಸ್. ಇ-ಫೈಲ್, ಅದರೊಳಗೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್, ಅದರೊಳಗೆ ವ್ಯೂ ಫಾರ್ಮ್ 26ಎಎಸ್. ಯಾರು, ಯಾವ ಕಲಂ ಕೆಳಗೆ, ಎಷ್ಟು ಕೊಟ್ಟರು, ಎಷ್ಟು ಕಟ್ ಮಾಡಿದರು ಅಂತ ಪೂರ್ತಿ ಬರುತ್ತದೆ. ವರ್ಷ ಆರಿಸುವಾಗ ಜೋಪಾನ: ಅಲ್ಲಿ ಕೇಳುವುದು ಅಸೆಸ್‌ಮೆಂಟ್ ಇಯರ್. 2025-26ರಲ್ಲಿ ದುಡಿದಿದ್ದು 2026-27ರಲ್ಲಿ ಸಿಗುತ್ತದೆ. ಇದೊಂದು ಗೊತ್ತಿಲ್ಲದೆ "ನಂದು ಏನೂ ಇಲ್ಲ" ಅಂತ ವಾಪಸ್ ಬಂದವರು ಎಷ್ಟೋ ಜನ. ಜೊತೆಗೆ ಎಐಎಸ್ ಅನ್ನುವ ಪಟ್ಟಿಯನ್ನೂ ತೆಗೆಯಿರಿ, ಅದರಲ್ಲಿ ಬಡ್ಡಿ, ಇತರೆ ವಹಿವಾಟು ಇರುತ್ತದೆ. ಅದರ ಪಾಸ್‌ವರ್ಡ್ ಪ್ಯಾನ್ ಸಣ್ಣ ಅಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ದಿನ, ತಿಂಗಳು, ವರ್ಷ.

ಜೂನ್ ಮಧ್ಯದವರೆಗೆ ಕಾಯುವುದು ಒಳ್ಳೆಯದು. ಜನವರಿಯಿಂದ ಮಾರ್ಚ್‌ವರೆಗೆ ಕಟ್ ಆಗಿದ್ದನ್ನು ಕಂಪನಿಯವರು ಮೇ 31ರೊಳಗೆ ಸಲ್ಲಿಸುತ್ತಾರೆ, ಅದಾದ ಮೇಲೆ ಪಟ್ಟಿ ಪೂರ್ತಿ ಆಗುವುದು.

ಕಟ್ ಆಗಿದೆ, ಆದರೆ 26ಎಎಸ್‌ನಲ್ಲಿ ಇಲ್ಲ ಅಂದರೆ? ಕಟ್ ಮಾಡಿದವರು ಕಟ್ಟಿಲ್ಲ, ಅಥವಾ ಕಟ್ಟಿ ನಿಮ್ಮ ಪ್ಯಾನ್ ತಪ್ಪಾಗಿ ಬರೆದಿದ್ದಾರೆ. ಬಿಲ್ಲು, ಬ್ಯಾಂಕ್ ಎಂಟ್ರಿ ಹಿಡಿದು ಅವರ ಅಕೌಂಟ್ಸ್ ಸೆಕ್ಷನ್‌ಗೇ ಹೋಗಿ, ಟಿಡಿಎಸ್ ಕರೆಕ್ಷನ್ ಸಲ್ಲಿಸಿ ಅಂತ ಕೇಳಿ. ಇಷ್ಟು ಟಿಡಿಎಸ್ ಕಟ್ ಮಾಡಿದ್ದೇವೆ ಅಂತ ಅವರು ಕೊಡುವ 16ಎ ಸರ್ಟಿಫಿಕೇಟ್ ಕೇಳುವ ಹಕ್ಕೂ ನಿಮಗಿದೆ. ನನಗೆ ಒಂದು ಬಿಲ್ಲಿನದು ಹೀಗೇ ಆಗಿತ್ತು. ನಾಲ್ಕು ಸಲ ಹೋದೆ, ನಾಲ್ಕನೇ ಸಲ ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ, ಅವತ್ತೇ ಆಯಿತು.

ಯಾವ ಫಾರ್ಮ್

ತಪ್ಪಾಗುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನ ಹೇಳುತ್ತೇನೆ.

ಸಂಬಳ, ಬ್ಯಾಂಕ್ ಬಡ್ಡಿ, ಪಿಎಫ್, ಇಷ್ಟೇ ಇದ್ದರೆ ಐಟಿಆರ್-1. 26ಎಎಸ್‌ನಲ್ಲಿ 194ಸಿ ಅಂತ ಇದ್ದರೆ ಇಲಾಖೆಯ ಕಣ್ಣಿಗೆ ಅದು ಸಂಬಳ ಅಲ್ಲ, ವ್ಯಾಪಾರ. ನೀವು ದಿನಾ ಬೆಳಿಗ್ಗೆ ಹೆಲ್ಮೆಟ್ ಹಾಕಿ ಗೇಟಿನೊಳಗೆ ಹೋಗುವ ಕೂಲಿಯೇ ಆಗಿರಬಹುದು, ಪೇಪರಿನಲ್ಲಿ ನೀವು ಕಾಂಟ್ರ್ಯಾಕ್ಟರ್. ಅದನ್ನು ಐಟಿಆರ್-1ರಲ್ಲಿ ಹಾಕಿದರೆ ರಿಟರ್ನ್ ದೋಷಪೂರಿತ ಅಂತ ನೋಟಿಸ್ ಬರಬಹುದು, 15 ದಿನದಲ್ಲಿ ಸರಿ ಮಾಡಬೇಕಾಗುತ್ತದೆ. ಅದಕ್ಕೆ ಐಟಿಆರ್-4 ಹಾಕಿ. ಇದರಲ್ಲಿ 44ಎಡಿ ಅಂತ ಅಂದಾಜು ಪದ್ಧತಿ ಇದೆ. ಬ್ಯಾಂಕಿನಿಂದ ಬಂದ ವಹಿವಾಟಿಗೆ ಕನಿಷ್ಠ 6 ಪರ್ಸೆಂಟ್, ಕ್ಯಾಶಿಗೆ ಕನಿಷ್ಠ 8 ಪರ್ಸೆಂಟ್ ಲಾಭ ತೋರಿಸಿದರೆ ಖರ್ಚಿನ ಪುಸ್ತಕ ಇಡಬೇಕಿಲ್ಲ. ಮೇಲೆ ಹೇಳಿದ ಮೇಸ್ತ್ರಿಯ 14 ಲಕ್ಷ ಪೂರ್ತಿ ಬ್ಯಾಂಕಿನಲ್ಲೇ ಬಂದಿದ್ದರೆ ಕನಿಷ್ಠ 84,000 ತೋರಿಸಬೇಕು. ಅವನಿಗೆ ನಿಜವಾಗಿ ಉಳಿದಿದ್ದು 3 ಲಕ್ಷ ಅಂದರೆ 3 ಲಕ್ಷವನ್ನೇ ತೋರಿಸಬೇಕು, ಕನಿಷ್ಠ ಅಂದರೆ ಕನಿಷ್ಠ ಅಷ್ಟೇ, ಅಷ್ಟಕ್ಕೇ ನಿಲ್ಲಿಸಿ ಅಂತಲ್ಲ. 3 ಲಕ್ಷ ತೋರಿಸಿದರೂ ಟ್ಯಾಕ್ಸ್ ಸೊನ್ನೆ, 14,000 ವಾಪಸ್. ಸುಳ್ಳು ಬರೆದು ಉಳಿಸುವುದು ಏನೂ ಇಲ್ಲ ಅಲ್ವಾ?

ಒಬ್ಬನೇ ದುಡಿಯುವ ನನ್ನಂಥವನಿಗೆ ಗ್ಯಾಂಗಿನ ಖರ್ಚಿಲ್ಲ. ರಾಡು, ಗ್ಲೌಸು, ಪೆಟ್ರೋಲು ಕಳೆದು ಉಳಿದಿದ್ದು ಬರೆದೆ. ಅಷ್ಟೇ.

ಲಾರಿಯವರಿಗೂ ಐಟಿಆರ್-4, ಆದರೆ 44ಎಇ. ಒಟ್ಟು ತೂಕ 12 ಟನ್ ದಾಟಿದ ಗಾಡಿಗೆ ತಿಂಗಳಿಗೆ ಟನ್ನಿಗೆ 1,000, ಚಿಕ್ಕ ಗಾಡಿಗೆ ತಿಂಗಳಿಗೆ 7,500. 35 ಟನ್ನಿನ ಗಾಡಿ ಒಂದಿದ್ದರೆ ವರ್ಷಕ್ಕೆ 4.20 ಲಕ್ಷ ಆದಾಯ ಅಂತ ಲೆಕ್ಕ. ಗಾಡಿ ಮನೆ ಮುಂದೆ ನಿಂತಿದ್ದರೂ ನಿಮ್ಮ ಹೆಸರಿನಲ್ಲಿದ್ದರೆ ಆ ತಿಂಗಳೂ ಸೇರುತ್ತದೆ. ಅದು ನನಗೆ ಅನ್ಯಾಯ ಅನಿಸುತ್ತದೆ, ಆದರೆ ಕಾನೂನು ಹಾಗಿದೆ.

ಸಿಂಧನೂರು, ಮಾನ್ವಿ, ಗಂಗಾವತಿ, ಕಾರಟಗಿ ಕಡೆಯವರು ಇದನ್ನು ಬಿಡದೆ ಓದಿ. ಭತ್ತದ ದುಡ್ಡಿಗೆ ಟ್ಯಾಕ್ಸ್ ಇಲ್ಲ, ನಿಜ. ಆದರೆ ಬೇಸಾಯದ ಆದಾಯ ವರ್ಷಕ್ಕೆ 5,000 ದಾಟಿದರೆ ಐಟಿಆರ್-1 ಕೂಡ ಇಲ್ಲ, ಐಟಿಆರ್-4 ಕೂಡ ಇಲ್ಲ. ಸಂಬಳದವರು ಐಟಿಆರ್-2 ಹಾಕಬೇಕು, ಕಾಂಟ್ರ್ಯಾಕ್ಟಿನವರು ಐಟಿಆರ್-3. ಎರಡು ಎಕರೆ ಇದ್ದರೂ 5,000 ದಾಟೇ ದಾಟುತ್ತದೆ. ಐಟಿಆರ್-3 ಸ್ವಂತ ಮಾಡಲು ಕಷ್ಟ, ಅದಕ್ಕೆ ಮಾತ್ರ ಗೊತ್ತಿರುವವರ ಹತ್ತಿರ ಹೋಗಿ, ಎಷ್ಟು ಫೀ ಅಂತ ಮೊದಲೇ ಮಾತಾಡಿಕೊಳ್ಳಿ.

ಹಾಕುವುದು, ಕಾಯುವುದು

ಇ-ಫೈಲ್, ಫೈಲ್ ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಅಸೆಸ್‌ಮೆಂಟ್ ಇಯರ್, ಆನ್‌ಲೈನ್, ಇಂಡಿವಿಜುವಲ್, ಫಾರ್ಮ್. ಕಟ್ ಆದ ಲೆಕ್ಕ ಬಹಳಷ್ಟು ತಾನಾಗೇ ತುಂಬಿ ಬರುತ್ತದೆ, ಆದರೂ 26ಎಎಸ್ ಪಕ್ಕದಲ್ಲಿಟ್ಟು ಒಂದೊಂದೇ ಸಾಲು ಹೋಲಿಸಿ. ಹೊಸ ಪದ್ಧತಿಯೇ ತಾನಾಗಿ ಇರುತ್ತದೆ, ನಮ್ಮಂಥವರಿಗೆ ಅದೇ ಸಾಕು. ಕೊನೆಗೆ ರಿಫಂಡ್ ಎಷ್ಟು ಅಂತ ತೋರಿಸುತ್ತದೆ. ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಲೇಬೇಕು. ಆಧಾರ್ ಒಟಿಪಿ ಸುಲಭ. ಆಧಾರಿಗೆ ಕೊಟ್ಟ ಸಿಮ್ ಕಳೆದಿದ್ದರೆ ನೆಟ್ ಬ್ಯಾಂಕಿಂಗ್ ಅಥವಾ ವ್ಯಾಲಿಡೇಟ್ ಆದ ಬ್ಯಾಂಕ್ ಅಕೌಂಟ್ ಮೂಲಕ ಆಗುತ್ತದೆ. ಅದೂ ಇಲ್ಲ ಅಂದರೆ ಐಟಿಆರ್-ವಿ ಅನ್ನುವ ರಸೀದಿ ಪ್ರಿಂಟ್ ತೆಗೆದು, ಸಹಿ ಹಾಕಿ, ಬೆಂಗಳೂರಿನಲ್ಲಿರುವ ಇಲಾಖೆಯ ಕೇಂದ್ರ ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಿ, ಪಿನ್ 560500. ಇಡೀ ದೇಶದ ರಿಟರ್ನ್ ಅಲ್ಲೇ ನೋಡುವುದು.

ಕೊನೆ ದಿನ ಸಾಮಾನ್ಯವಾಗಿ ಐಟಿಆರ್-1, ಐಟಿಆರ್-2ಕ್ಕೆ ಜುಲೈ 31, ಆಡಿಟ್ ಬೇಡದ ಐಟಿಆರ್-3, ಐಟಿಆರ್-4ಕ್ಕೆ 2026ರಿಂದ ಆಗಸ್ಟ್ 31, ಕೆಲವು ವರ್ಷ ಮುಂದೆ ಹಾಕುತ್ತಾರೆ, ಅದನ್ನು ನಂಬಿ ಕೂರಬೇಡಿ. ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾಗಿ ಹಾಕಬಹುದು. ಆದಾಯ 5 ಲಕ್ಷದೊಳಗಿದ್ದರೆ ತಡದ ಫೀ 1,000, ಅದಕ್ಕಿಂತ ಜಾಸ್ತಿ ಇದ್ದರೆ 5,000. ಟ್ಯಾಕ್ಸ್ ಶುರುವಾಗುವ ಮಿತಿಯೊಳಗೇ ಆದಾಯ ಇದ್ದರೆ ಫೀ ಇಲ್ಲ. ಸಮಯಕ್ಕೆ ಹಾಕಿದವರಿಗೆ ಏಪ್ರಿಲ್ 1ರಿಂದ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿಯೂ ಸೇರಿ ಬರುತ್ತದೆ, ತಡವಾಗಿ ಹಾಕಿದವರಿಗೆ ಹಾಕಿದ ದಿನದಿಂದ ಮಾತ್ರ.

ಆಮೇಲೆ 143(1) ಅಂತ ಒಂದು ಇಮೇಲ್ ಬರುತ್ತದೆ. ನೋಟಿಸ್ ಅಂತ ಹೆದರಬೇಡಿ, ಅದು ಲೆಕ್ಕದ ಚೀಟಿ. ಅದರಲ್ಲಿ ರಿಫಂಡ್ ಕಡಿಮೆ ಆಗಿದ್ದರೆ ಯಾಕೆ ಅಂತ ಎರಡು ಕಾಲಮ್ ಹೋಲಿಸಿದರೆ ಗೊತ್ತಾಗುತ್ತದೆ. ಹಳೆ ಬಾಕಿ ಇದ್ದರೆ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ, ಮೊದಲು ತಿಳಿಸುತ್ತಾರೆ, ಅದಕ್ಕೆ ಉತ್ತರ ಕೊಡಿ. ದುಡ್ಡು ಬ್ಯಾಂಕಿಗೆ ಹೋಗಿ ವಾಪಸ್ ಬಂದರೆ ಸರ್ವೀಸಸ್ ಒಳಗೆ ರಿಫಂಡ್ ರೀಇಷ್ಯೂ ಇದೆ. ತಿಳಿಯದಿದ್ದರೆ ಇಲಾಖೆಯ ಸಹಾಯವಾಣಿ 1800 103 0025.

ಹಳೆ ವರ್ಷಗಳದ್ದು? ಅಪ್‌ಡೇಟೆಡ್ ರಿಟರ್ನ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದರಲ್ಲಿ ರಿಫಂಡ್ ಕೇಳಲು ಬರುವುದಿಲ್ಲ. ಅದಕ್ಕೆ 119(2)(ಬಿ) ಕೆಳಗೆ ತಡ ಮನ್ನಿಸಿ ಅಂತ ಅರ್ಜಿ ಹಾಕಬೇಕು. ಪೋರ್ಟಲ್‌ನಲ್ಲಿ ಸರ್ವೀಸಸ್ ಒಳಗೆ ಕಂಡೋನೇಶನ್ ರಿಕ್ವೆಸ್ಟ್ ಅಂತ ಇದೆ. ಅಸೆಸ್‌ಮೆಂಟ್ ಇಯರ್ ಮುಗಿದು ಐದು ವರ್ಷದೊಳಗೆ ಹಾಕಬೇಕು, ಯಾಕೆ ತಡವಾಯಿತು ಅಂತ ನಿಜವಾದ ಕಾರಣ, ಆಸ್ಪತ್ರೆ ಚೀಟಿ ಇದ್ದರೆ ಅದು, ಇಟ್ಟು ಕೇಳಬೇಕು. ಒಪ್ಪಿಗೆ ಸಿಕ್ಕ ಮೇಲೆ ಆ ವರ್ಷದ ರಿಟರ್ನ್ ಹಾಕುವುದು. ನನ್ನ 11,400ರಲ್ಲಿ ಕೊನೆ ವರ್ಷದ್ದು ಒಂದು ತಿಂಗಳೊಳಗೆ ಬಂತು. ಹಿಂದಿನ ಎರಡು ವರ್ಷದ್ದಕ್ಕೆ ಅರ್ಜಿ ಹಾಕಿ ತುಂಬಾ ಕಾದೆ.

ಊರೂರಲ್ಲಿ ಈಗ ಒಂದು ದಂಧೆ ಇದೆ. "ರಿಫಂಡ್ ಜಾಸ್ತಿ ಮಾಡಿಕೊಡ್ತೀನಿ, ಬಂದಿದ್ದರಲ್ಲಿ ಇಪ್ಪತ್ತು ಪರ್ಸೆಂಟ್ ನಂಗೆ" ಅನ್ನುವವರು. ಇಲ್ಲದ ಎಲ್ಐಸಿ, ಕಟ್ಟದ ಬಾಡಿಗೆ, ಪಾರ್ಟಿಗೆ ಕೊಟ್ಟ ದೇಣಿಗೆ ಅಂತ ತುಂಬುತ್ತಾರೆ. 2025ರ ಜುಲೈನಲ್ಲಿ ಇಲಾಖೆ ಇಂಥವರ ಮೇಲೆ ದೇಶದಲ್ಲಿ 150 ಜಾಗಗಳಲ್ಲಿ ತಪಾಸಣೆ ಮಾಡಿತು. ಸಿಕ್ಕಿಬಿದ್ದರೆ ಬಂದ ದುಡ್ಡು ಬಡ್ಡಿ ಸಮೇತ ಹೋಗುತ್ತದೆ, ಮೇಲೆ ತಪ್ಪಿಸಿದ ಟ್ಯಾಕ್ಸಿನ ಎರಡು ಪಟ್ಟು ದಂಡ. ಸಹಿ ನಿಮ್ಮದು, ಏಜೆಂಟ್ ಸಿಗುವುದಿಲ್ಲ. ಹಾಗೇ "ನಿಮ್ಮ ರಿಫಂಡ್ ರೆಡಿ, ಈ ಲಿಂಕ್ ಒತ್ತಿ" ಅನ್ನುವ ಮೆಸೇಜು ಸುಮ್ನೆ ಅಳಿಸಿ. ಇಲಾಖೆ ಒಟಿಪಿ, ಎಟಿಎಂ ಪಿನ್ ಕೇಳುವುದಿಲ್ಲ.

ಈ ವರ್ಷದ್ದು ಬಂದ ಮೇಲೆ ಮುಂದಿನ ವರ್ಷ ಕಟ್ ಆಗದ ಹಾಗೆ ನೋಡಿಕೊಳ್ಳಿ. ಲಾರಿಯವರು ಆ ಹತ್ತು ಗಾಡಿಯ ಪತ್ರ ಏಪ್ರಿಲ್‌ನಲ್ಲೇ ಕೊಟ್ಟುಬಿಡಿ. ಡೆಪಾಸಿಟ್ ಇಟ್ಟವರು, ಪಿಎಫ್ ತೆಗೆಯುವವರು, ಟ್ಯಾಕ್ಸ್ ಬೀಳದಷ್ಟು ಆದಾಯ ಇದ್ದರೆ, ನನಗೆ ಟ್ಯಾಕ್ಸ್ ಇಲ್ಲ, ಕಟ್ ಮಾಡಬೇಡಿ ಅನ್ನುವ ಘೋಷಣೆ ಕೊಡಬಹುದು, ಇಷ್ಟು ದಿನ 15ಜಿ, 15ಎಚ್ ಅನ್ನುತ್ತಿದ್ದೆವಲ್ಲ, ಅದು. ಕಾಂಟ್ರ್ಯಾಕ್ಟ್ ಬಿಲ್ಲಿಗೆ ಮಾತ್ರ ಅದು ನಡೆಯುವುದಿಲ್ಲ. ಕಡಿಮೆ ಕಟ್ ಮಾಡಲು ಸರ್ಟಿಫಿಕೇಟ್ ತರಬಹುದು, ಆದರೆ ಒಂದು ಪರ್ಸೆಂಟಿಗೆ ಅಷ್ಟು ರಗಳೆ ನನಗಂತೂ ಬೇಡ. ಬಿಲ್ಲು ಬಂದ ದಿನವೇ ಎಷ್ಟು ಕಟ್ ಆಯಿತು ಅಂತ ಒಂದು ಡೈರಿಯಲ್ಲಿ ಬರೆದಿಡುತ್ತೇನೆ, ಜೂನ್ ಕೊನೆಗೆ ಅದನ್ನೂ 26ಎಎಸ್ ಅನ್ನೂ ಜೊತೆಗಿಟ್ಟು ಕೂರುತ್ತೇನೆ.